ನಾಯಿಗೂ ಒಂದು ಪಾಲು

ನನ್ನ ಅಣ್ಣ ಒಬ್ಬ ಮನುಷ್ಯನನ್ನು ಕೊಂದಿದ್ದಾನೆ. ಗಾಬರಿಯಾಗಬೇಡಿ, ಕೊಂದದ್ದು ಕಾಗದದ ಮೇಲೆ. ಯುಗಾದಿಯ ಬೇಟೆಗೆ ಹೋದ ಊರ ಹಿರಿಯನೊಬ್ಬನನ್ನು ಭರ್ಚಿಯಿಂದ ತಿವಿಸಿ, ತಿವಿದವನು ಯಾರೆಂದು ಹುಡುಕುವುದಕ್ಕೆ ಎರಡು ವರ್ಷ ತೆಗೆದುಕೊಂಡ. ಈ ಕೊಲೆಯಲ್ಲಿ ನನ್ನ ಪಾಲಿಗೆ ಬಂದಿದ್ದ ಕೆಲಸ ಒಂದೇ, ಅದನ್ನು ಓದುವುದು. ನಾನು ಓದಲಿಲ್ಲ. ಓದಿದೆನೆಂದು ಹೇಳಿದೆ.

ಅಣ್ಣ ಗೋಕಾಕ ಪೇಟೆಯ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತ. ಮಮದಾಪುರದ ನಮ್ಮ ಮನೆಯಿಂದ ಸೈಕಲ್ಲಿನ ಮೇಲೆ ಹೋಗಿಬರುತ್ತಿದ್ದ. ಯಾರೋ ವ್ಯಾಪಾರಿ ಅಂಗಡಿಯಲ್ಲಿ ಬಿಟ್ಟುಹೋದ ಮರಾಠಿ ಪತ್ತೇದಾರಿ ಪುಸ್ತಕವೊಂದು ಅವನ ಕೈಗೆ ಸಿಕ್ಕಿತು ನೋಡಿ, ಅವತ್ತಿನಿಂದ ನಮ್ಮ ಮನೆಯಲ್ಲಿ ಯಾವ ವಸ್ತುವೂ ಸುಮ್ಮನೆ ಕಳೆದುಹೋಗದಂತಾಯಿತು. ಎಲ್ಲವೂ ಕಳುವಾಗತೊಡಗಿದವು!

ಒಮ್ಮೆ ಗಡಿಗೆಯೊಳಗಿನ ಬೆಣ್ಣೆ ಕಡಿಮೆಯಾಯಿತು. ಬೆಕ್ಕು ತಿಂದಿತೆಂದು ಅವ್ವ ಬಿಟ್ಟುಬಿಟ್ಟಳು. ಬೆಕ್ಕಿನ ಮೇಲೆ ಸಾಕ್ಷಿ ಇಲ್ಲವೆಂದ ಅಣ್ಣ, ಕಳ್ಳನ ಹೆಜ್ಜೆ ಮೂಡಲೆಂದು ಅಡುಗೆಮನೆಯ ತುಂಬ ಬಿಳಿಯ ಪುಡಿ ಉದುರಿಸಿದ. ಬೆಳಿಗ್ಗೆ ಸ್ಪಷ್ಟವಾಗಿ ಹೆಜ್ಜೆ ಮೂಡಿದ್ದವು. ಅಳತೆಪಟ್ಟಿ ಹಿಡಿದು ಅರ್ಧ ತಾಸು ಅಳೆದ. ಎಲ್ಲವೂ ಅವನವೇ. ಪುಡಿ ಉದುರಿಸಿ ಹೊರಗೆ ಬರುವುದಕ್ಕೆ ಬೇರೆ ದಾರಿ ಎಲ್ಲಿತ್ತು? ಅಷ್ಟರಲ್ಲಿ ಅವ್ವ ಪೂಜೆಗೆ ಕುಳಿತು ವಿಭೂತಿಯ ಖಾಲಿ ಭರಣಿ ನೋಡಿದಳು.

“ಬೆಣ್ಣಿ ಹೋದ್ರ ಹೋಗ್ಲಿ, ನನ್ನ ಈಬತ್ತಿ ಹುಡುಕಿ ಕೊಡಪಾ ಫೌಜದಾರ,” ಎಂದಳು.

ಇಂಥವನು ಕಾದಂಬರಿ ಬರೆಯುತ್ತೇನೆಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಬೇಟೆಯ ಮೇಲೆ ಬರೆಯುತ್ತೇನೆ ಎಂದಾಗ ಮಾತ್ರ ಎಲ್ಲರೂ ತಿರುಗಿ ನೋಡಿದರು. ನಮ್ಮದು ಲಿಂಗವಂತರ ಮನೆ. ಹುಳುಕು ಬದನೆಕಾಯಿ ಹೆಚ್ಚುವಾಗಲೂ ಅವ್ವ ಹುಳುವನ್ನು ಎಲೆಯ ಮೇಲಿಟ್ಟು ಹಿತ್ತಲಿಗೆ ಬಿಟ್ಟುಬರುವವಳು. ಇನ್ನು ಅಣ್ಣ ಬೇಟೆ ಕಲಿಯುವುದು ಎಲ್ಲಿ?

ಅದಕ್ಕೂ ಒಬ್ಬ ಗುರುವನ್ನು ಹಿಡಿದ. ಊರಾಚೆ ಕುರಿ ಹಟ್ಟಿಯ ಲಗಮಪ್ಪ ಕಾಕಾ. ಯುಗಾದಿಯ ಬೇಟೆಗೆ ಹೋಗುವವರಿಗೆಲ್ಲ ಮುಂದಾಳು. ಆ ವರ್ಷ ಅಣ್ಣನೂ ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಅವರ ಹಿಂದೆ ಹೋದ. ಪೊದೆಯಿಂದ ಹಂದಿ ಹೊರಬಿದ್ದಾಗ ಎಲ್ಲರೂ ಅದರ ಕಡೆಗೆ ಓಡಿದರಂತೆ, ಅಣ್ಣನೊಬ್ಬ ಬನ್ನಿಮರದ ಕಡೆಗೆ. ಅವನ ಕಾದಂಬರಿಯಲ್ಲಿ ಬೇಟೆಯನ್ನೆಲ್ಲ ಮೇಲಿನಿಂದ ಕಂಡಂತೆ ವರ್ಣಿಸಿರುವುದಕ್ಕೆ ಕಾರಣ ಇದೇ. ಮನೆಗೆ ಬಂದಾಗ ಅವ್ವ ದನದ ಬಾನಿಯ ಹತ್ತಿರ ನಿಲ್ಲಿಸಿ ಎರಡು ಸಲ ನೀರು ಹೊಯ್ದ ಮೇಲೆಯೇ ಒಳಗೆ ಬಿಟ್ಟಳು.

ಬೇಟೆಯ ಊಟದ ಅಧ್ಯಾಯ ಬರೆದು ಅದನ್ನು ಕಾಕಾನಿಗೆ ಓದಿ ತೋರಿಸಲು ಹೋದ. ಬುತ್ತಿ ಹೊತ್ತು ನಾನೂ ಹೋಗಿದ್ದೆ. ಹಂದಿಯ ಮಾಂಸವನ್ನು ನಾಲ್ಕಾಗಿ ಸೀಳಿ, ಒಳಗೆ ಗುರೆಳ್ಳಿನ ಪುಡಿ, ಶೇಂಗಾಪುಡಿ ತುಂಬಿ, ಎಣ್ಣೆಯಲ್ಲಿ ಮೆಲ್ಲಗೆ ಬೇಯಿಸಿ, ಮೇಲೆ ಕೊತ್ತಂಬರಿ ಉದುರಿಸಿದರು ಎಂದು ಅಣ್ಣ ಕಣ್ಣು ಮುಚ್ಚಿಕೊಂಡು ಓದಿದ.

ಕಾಕಾ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. “ತಮ್ಮಾ, ಇದು ಹಂದಿ ಅಲ್ಲೋ. ನಿಮ್ಮವ್ವ ಮಾಡೂ ಬದನಿಕಾಯಿ.”

ಆಮೇಲೆ ಅಣ್ಣನ ಮುಖ ನೋಡಲಾರದೆ ತಮ್ಮ ಪದ್ಧತಿಯನ್ನು ತಾನೇ ಬಿಡಿಸಿ ಹೇಳಿದ. ಬೇಟೆಗೆ ಬಂದವರಿಗೆಲ್ಲ ಸಮಪಾಲು. ಮೊದಲು ಭರ್ಚಿ ಹಾಕಿದವನಿಗೆ ತೊಡೆ ಹೆಚ್ಚು. ಮತ್ತೆ, ಮೊದಲು ಹಲ್ಲು ಹಾಕಿದ ನಾಯಿಗೂ ಒಂದು ಪಾಲು. ಅದನ್ನು ಆ ನಾಯಿಯ ಒಡೆಯನ ಮನೆಗೆ ಮುಟ್ಟಿಸಲೇಬೇಕು. ತಪ್ಪಿದರೆ ಮುಂದಿನ ಬೇಟೆ ಕೈಗೆ ಹತ್ತುವುದಿಲ್ಲ. ಅಣ್ಣ ಇದನ್ನು ಮೂರು ಸಲ ಹೇಳಿಸಿಕೊಂಡ. ಬರುವಾಗ ದಾರಿಯಲ್ಲಿ, ನನ್ನನ್ನು ಹಿಂದೆ ಕೂರಿಸಿಕೊಂಡಿದ್ದು ಮರೆತು, ಸೈಕಲ್ಲನ್ನು ನೇರವಾಗಿ ಜೋಳದ ಹೊಲಕ್ಕೆ ನುಗ್ಗಿಸಿದ.

ಬರೆಯುತ್ತಿದ್ದದ್ದು ಬೆಲ್ಲ ಸುತ್ತುವ ಕಾಗದದ ಮೇಲೆ. ಹೀಗಾಗಿ ಅವನ ಮೊದಲ ಓದುಗರು ಇರುವೆಗಳು. ಮೊದಲ ಹಾಳೆಯಿಂದ ಸಾಲು ಹಿಡಿದು ಹೊರಟರೆ ಕೊನೆಯ ಹಾಳೆಯವರೆಗೆ ಬಿಡದೆ ಹೋಗುತ್ತಿದ್ದವು. ಈಗ ಅವನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ನನ್ನ ಮದುವೆಯಾಗಿ ನಾನು ಹುಕ್ಕೇರಿಗೆ ಬಂದೆ. ಒಂದು ದಿನ ಅಣ್ಣ ಕೆಂಪು ವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ತವರಿನಲ್ಲಿ ಅವ್ವನಿಗೆ ಓದು ಬಾರದು, ಅಣ್ಣನ ಹೆಂಡತಿ ವೈನಿಗೂ ಬಾರದು. ಅಕ್ಷರ ಬಲ್ಲವಳು ನಾನೊಬ್ಬಳು, ಅದೂ ಮೂರನೆಯ ಇಯತ್ತೆಯವರೆಗೆ.

“ತಂಗೆವ್ವಾ, ಇದನ್ನ ನೀ ಓದು. ನೀ ಓದಿದೀ ಅಂದ್ರ ಛಾಪಖಾನಿಗೆ ಕಳಸ್ತೇನಿ. ಇಲ್ಲಂದ್ರ ಇಲ್ಲ.”

ನನಗೆ ನಗು ಬಂತು. ನಾನು ಓದಿದರೆಷ್ಟು, ಬಿಟ್ಟರೆಷ್ಟು? ಆದರೂ ಇಟ್ಟುಕೊಂಡೆ. ಹನ್ನೊಂದು ಪುಟ ಓದಿದೆ. ಹನ್ನೊಂದನೆಯ ಪುಟಕ್ಕೆ ಬಂದರೂ ಬೇಟೆಗಾರರು ಇನ್ನೂ ಗುಡ್ಡ ಹತ್ತುತ್ತಲೇ ಇದ್ದರು. ನನಗೋ ಎರಡು ಎಮ್ಮೆ, ಒಂದು ಕೂಸು, ಒಬ್ಬ ಅತ್ತೆ. ಗಂಟನ್ನು ಕಟ್ಟಿ ಮೇಲಿನ ಹಲಗೆಯ ಮೇಲಿಟ್ಟೆ. ಬೇಟೆಗಾರರು ಮೂರು ತಿಂಗಳು ಅಲ್ಲೇ ಗುಡ್ಡದ ಮೇಲೆ ಉಳಿದರು.

ಅಣ್ಣ ಬಂದ. ನಾನು ರೊಟ್ಟಿ ಬಡಿಯುತ್ತಿದ್ದೆ. ಎದುರಿಗೆ ಕುಳಿತು, ಓದಿದೆಯಾ ಎಂದ. ಓದಿದೆ, ಬಹಳ ಚಲೋ ಐತಿ ಎಂದೆ. ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು.

“ಕಡೀ ಅಧ್ಯಾಯ ಹ್ಯಾಂಗ ಐತಿ?”

“ಅದನ್ನ ಓದಿ ಅತ್ತೇನಿ ಅಣ್ಣಾ.”

ಅಣ್ಣ ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ ನಾನು! ರೊಟ್ಟಿ ಭಾಳ ಮೆತ್ತಗಾಗ್ಯಾವ ಎಂದು ಹೊಗಳಿ, ಎರಡು ತಿಂದು, ಗಂಟನ್ನು ಎತ್ತಿಕೊಂಡು ಹೋದ.

ಕಾದಂಬರಿ ಅಚ್ಚಾಗಲಿಲ್ಲ. ಛಾಪಖಾನೆಯವರೇ ಬೇಡವೆಂದಿರಬೇಕೆಂದು ತಿಳಿದು ನಾನು ಕೇಳಲೂ ಇಲ್ಲ. ನಾಲ್ಕು ವರ್ಷ ಹಾಗೆಯೇ ಹೋದವು.

ಹೋದ ನಾಗರಪಂಚಮಿಗೆ ತವರಿಗೆ ಹೋಗಿದ್ದೆ. ಉಂಡಿಯ ಡಬ್ಬಿ ಹುಡುಕಲು ಅಟ್ಟಕ್ಕೆ ಕೈ ಹಾಕಿದರೆ ಆ ಕೆಂಪು ಗಂಟು ಸಿಕ್ಕಿತು. ಅದರ ಪಕ್ಕದಲ್ಲಿ ಬೇರೆಯಾಗಿ ಹೊಲಿದ ಒಂದು ಸಣ್ಣ ಕಟ್ಟು. ಇದೇನೆಂದು ವೈನಿಯನ್ನು ಕೇಳಿದೆ.

“ಅದು ಕಡೀ ಅಧ್ಯಾಯ ಅಂತರಿ. ನಿಮಗ ಕೊಡೂಮುಂದ ಅದನ್ನೊಂದ ತಗದ ಇಟ್ಟಿದ್ರು. ಕಡೀದು ಎಲ್ಲೈತಿ ಅಂತ ತಂಗಿ ಜಗಳಾ ಮಾಡ್ಕೋತ ಬರ್ತಾಳ ನೋಡ ಅಂತಿದ್ರು.”

ಡಬ್ಬಿ ಹುಡುಕುವುದನ್ನು ಅಲ್ಲಿಗೇ ಬಿಟ್ಟೆ. ಎಂಥ ಪತ್ತೇದಾರ! ಅವನ ಜೀವಮಾನದಲ್ಲಿ ಹಾಕಿದ ಬಲೆಗಳಲ್ಲಿ ಸರಿಯಾಗಿ ಬಿದ್ದದ್ದು ಒಂದೇ, ಅದರೊಳಗೆ ಸಿಕ್ಕಿದ್ದು ನಾನು. ಇಲ್ಲದ ಅಧ್ಯಾಯವನ್ನು ಓದಿ ಅತ್ತವಳು!

ಊರಿನವರೆಲ್ಲ ಜೋಕಾಲಿಗೆ ಹೋದರು. ನಾನು ಕಟ್ಟೆಯ ಮೇಲೆ ಕುಳಿತು ಹನ್ನೊಂದನೆಯ ಪುಟದಿಂದ ಶುರುಮಾಡಿದೆ. ಗುಡ್ಡ ಹತ್ತಿ ಆದ ಮೇಲೆ, ದೇವರಾಣೆ, ಹಾಳೆ ಕೆಳಗಿಡಲು ಆಗಲಿಲ್ಲ. ಹಿರಿಯ ಸತ್ತಿದ್ದಾನೆ. ಫೌಜದಾರ ಬೇಟೆಗೆ ಹೋದವರನ್ನೆಲ್ಲ ಹೊಡೆದು ಬಡಿದು ಕೇಳಿ ಸೋತಿದ್ದಾನೆ. ಕೊನೆಯ ಅಧ್ಯಾಯದಲ್ಲಿ ಒಬ್ಬ ಹುಡುಗಿ ಒಲೆಗೆ ಕೆಂಡ ತರಲು ಬಾಜೂ ಮನೆಗೆ ಹೋಗುತ್ತಾಳೆ. ಆ ಮನೆಯ ಯಜಮಾನ ಜ್ವರ ಬಂದು ಬೇಟೆಗೇ ಹೋಗಿರಲಿಲ್ಲವೆಂದು ಊರೆಲ್ಲ ನಂಬಿದೆ. ಒಲೆಯ ಮೇಲೆ ಮಾಂಸ ಬೇಯುತ್ತಿದೆ. ಇದು ನಮ್ಮ ನಾಯಿಯ ಪಾಲು, ಮುಟ್ಟಿಸಿ ಹೋದರು ಎನ್ನುತ್ತಾಳೆ ಮನೆಯಾಕೆ. ಹುಡುಗಿ ಕೆಂಡ ಹಿಡಿದುಕೊಂಡೇ ಕೇಳುತ್ತಾಳೆ: “ನಾಯಿ ಒಂದ ಹೋಗಿತ್ತೇನ್ರಿ?”

ಒಡೆಯನಿಲ್ಲದೆ ಯಾವ ನಾಯಿ ಬೇಟೆಗೆ ಹೋಗುತ್ತದೆ? ಜ್ವರದ ನೆಪ ಹೇಳಿ ಕದ್ದು ಬೇಟೆಗೆ ಹೋಗಿದ್ದ ಕೊಲೆಗಾರ ಸಿಕ್ಕಿಬಿದ್ದ.

ಆ ಹುಡುಗಿ ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಇಷ್ಟು ಸಣ್ಣವಳ ಮಾತನ್ನು ಹೇಗೆ ನಂಬುವುದೆಂದು ಫೌಜದಾರ ಕೇಳಿದಾಗ ಅವಳ ಅಣ್ಣ ಎದ್ದು ನಿಂತು ಹೇಳುತ್ತಾನೆ, ನಮ್ಮ ತಂಗಿಗೆ ಸುಳ್ಳು ಹೇಳಲು ಬರುವುದಿಲ್ಲ ಸಾಹೇಬರೇ, ಊರೆಲ್ಲ ಬಲ್ಲದು.

ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದೆ. ನಾಲ್ಕು ವರ್ಷ ಅವನ ಮನೆಯಲ್ಲೇ, ಅವನ ಕೈಗೆ ಎಟಕುವಲ್ಲೇ ಇತ್ತು. ಬೇರೆ ಎಷ್ಟೋ ಕಡೆ ತಿದ್ದಿದ್ದ ಅಣ್ಣ ಅದನ್ನು ಹೊಡೆದುಹಾಕಿರಲಿಲ್ಲ.

ಸಂಜೆ ಅಣ್ಣ ಅಂಗಡಿಯಿಂದ ಬಂದ. ನನ್ನ ತೊಡೆಯ ಮೇಲಿನ ಗಂಟನ್ನು ಕಂಡ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಟೊಪ್ಪಿಗೆ ತೆಗೆದು, ಕಟ್ಟೆಯ ಇನ್ನೊಂದು ತುದಿಗೆ ಕುಳಿತ. ಮೈಯಿಂದ ಬೆಲ್ಲದ ವಾಸನೆ ಬರುತ್ತಿತ್ತು. ನನ್ನ ಕಡೆ ನೋಡದೆ, ಮೆಲ್ಲಗೆ ಕೇಳಿದ, ಕಡೆಯ ಅಧ್ಯಾಯ ಹೇಗಿದೆ ಎಂದು.

“ಇವತ್ತ ಓದಿದೆ ಅಣ್ಣಾ. ಇನ್ನ ಛಾಪಖಾನಿಗೆ ಕಳಸು. ಅವತ್ತ ನಾ ಓದಿರಲಿಲ್ಲ. ಓದೇನಂತ ನಿನಗ ಸುಳ್ಳ ಹೇಳಿದೆ. ನಂದು ತಪ್ಪಾತು.”