ಜರ್ಮನಿಯ ಬುರ್ರ್

ನನಗೊಂದು ಹಳೆಯ ಕಾಯಿಲೆಯಿದೆ, ಮಕ್ಕಳೇ. ತಿಳಿದುಕೊಳ್ಳುವ ಆಸೆ ಬೆಟ್ಟದಷ್ಟು, ಬಾಯಿಬಿಟ್ಟು ಕೇಳುವ ಧೈರ್ಯ ಸಾಸಿವೆಯಷ್ಟು. ಹೊಸಕೋಟೆಯಾಚೆ ನಮ್ಮೂರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಅಷ್ಟು ವರ್ಷದಲ್ಲಿ ಮೇಷ್ಟ್ರನ್ನು ನಾನು ಕೇಳಿದ ಪ್ರಶ್ನೆ ಒಂದೇ, “ಸಾರ್, ಮನೆಗೆ ಹೋಗ್ಲಾ?” ಭೂಮಿ ತಿರುಗುತ್ತದೆ ಎಂದು ಅವರು ಹೇಳಿದ ದಿನ, ಹಾಗಾದರೆ ನಮ್ಮ ಬಾವಿಯ ನೀರೇಕೆ ಚೆಲ್ಲುವುದಿಲ್ಲ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮದುವೆಯಾಗಿ ಲಿಂಗರಾಜಪುರಕ್ಕೆ ಬಂದು, ಮೂರು ವರ್ಷ ಧೈರ್ಯ ಕೂಡಿಸಿಕೊಂಡು ನಿಮ್ಮ ತಾತನನ್ನು ಕೇಳಿದೆ. “ಚೆಲ್ಲಿದಾಗ ನೋಡ್ಕೊಳ್ಳೋಣ ಬಿಡು” ಅಂದರು. ಅವರು ಹೋಗಿ ಒಂಬತ್ತು ವರ್ಷವಾಯಿತು. ಈಗ ಅಷ್ಟು ಉತ್ತರ ಕೊಡುವವರೂ ಇಲ್ಲ.

ಆದ್ದರಿಂದ ಮಕ್ಕಳೇ, ನಿಮ್ಮ ಚಂದನಕ್ಕ ಹಾಡು ಕಲಿಯುವುದಕ್ಕೆಂದು ಜರ್ಮನಿಗೆ ಹೋದಾಗ ನನ್ನ ಕಾಯಿಲೆ ಉಲ್ಬಣಿಸಿತು. ಹಾಡುವುದು ಅವಳಿಗೆ ಮೊದಲೇ ಬರುತ್ತಿತ್ತು; ಬಚ್ಚಲಮನೆಯ ಬಾಗಿಲು ಸಾಕ್ಷಿ. ಹಾಗಿದ್ದ ಮೇಲೆ ಅಲ್ಲಿ ಎರಡು ವರ್ಷ ಕಲಿಸುವುದಾದರೂ ಏನನ್ನು? ಫೋನಿನಲ್ಲಿ ಅವಳ ಮುಖ ಬರುವ ಮೊದಲು ಈ ಪ್ರಶ್ನೆಯನ್ನು ನಾಲ್ಕು ಸಲ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಮುಖ ಬಂದ ಮೇಲೆ “ಊಟ ಆಯ್ತೇನೇ?” ಎನ್ನುತ್ತಿದ್ದೆ. ಎರಡು ವರ್ಷದಲ್ಲಿ ಜರ್ಮನಿಯ ಊಟದ ಬಗ್ಗೆ ನನಗೆ ತಿಳಿಯದ್ದು ಏನೂ ಉಳಿಯಲಿಲ್ಲ, ಹಾಡಿನ ಬಗ್ಗೆ ತಿಳಿದದ್ದು ಏನೂ ಇಲ್ಲ.

ಓದು ಮುಗಿಸಿ ಬಂದ ಮರುದಿನ ಬೆಳಿಗ್ಗೆ ಅವಳ ಕೋಣೆಯ ಬಾಗಿಲಿಗೆ ಕಿವಿಯಿಟ್ಟೆ. ಒಳಗಿನಿಂದ ಬಂದದ್ದು ಹಾಡಲ್ಲ, “ಬುರ್ರ್ರ್” ಎಂಬ ಸದ್ದು. ತುಟಿ ಅದುರಿಸುವ ಸದ್ದು. ಚಳಿ ದೇಶದಲ್ಲಿ ಮಗುವಿಗೆ ನಡುಕ ಹತ್ತಿಕೊಂಡಿದೆಯೆಂದು ಮೆಣಸಿನ ಕಷಾಯ ಮಾಡಿಕೊಟ್ಟೆ. ಪಾಪ, ಕುಡಿದಳು. ಕುಡಿದು ಮತ್ತೆ ಬುರ್ರ್ ಅಂದಳು.

ಮುಂದಿನ ಕೋಣೆಯಲ್ಲಿ ಅವಳು ಹಾಡಿನ ಕ್ಲಾಸು ಶುರುಮಾಡಿದಳು. ಎರಡು ತಿಂಗಳಲ್ಲಿ ಹಲವರು ಬಂದರು. ಒಂದು ದಿನ ಬಂದವರು ಎರಡನೆಯ ದಿನ ಬರಲಿಲ್ಲ. ಅಷ್ಟರಲ್ಲಿ ಇಂದಿರಾನಗರದ ಯಾವುದೋ ಆಫೀಸಿನವರು, ಮದುವೆ ಮುಂಜಿಗಳ ಏರ್ಪಾಡು ನೋಡಿಕೊಳ್ಳುವ ಕೆಲಸಕ್ಕೆ ಅವಳನ್ನು ಕರೆದರು. ಶನಿವಾರ ಅವರೆಕಾಯಿ ಸುಲಿಯುತ್ತಾ ಹೇಳಿದಳು, “ನಾಳೆ ಬರೋರೂ ಓಡಿಹೋದ್ರೆ, ಸೋಮವಾರ ಆ ಕೆಲಸಕ್ಕೆ ಹೂಂ ಅಂದ್ಬಿಡ್ತೀನಿ ಅಜ್ಜಿ. ಬೆಳಿಗ್ಗೆಯಿಂದ ರಾತ್ರಿವರೆಗೂ ಅದೇ ಆಗುತ್ತೆ. ಹಾಡು ಮುಗೀತು ಅಂತ್ಲೇ.” ಅವಳ ಕಣ್ಣು ಕಾಯಿಯ ಮೇಲಿರಲಿಲ್ಲ; ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸಕ್ಕೂ ಹಾಕುತ್ತಿದ್ದಳು. ಬೇಡ ಕಣೇ, ಬಿಡಬೇಡ ಅನ್ನಬೇಕೆನ್ನಿಸಿತು. “ಇಷ್ಟು ಕಾಳು ಸಾಕಾ?” ಎಂದೆ.

ಭಾನುವಾರ ಇಬ್ಬರು ಬಂದರು. ಶಿವಾಜಿನಗರದಲ್ಲಿ ಬಟ್ಟೆ ಅಂಗಡಿಯಿರುವ ಮನೆಯ ಸೊಸೆ ಶಾಹೀನ್, ಮತ್ತು ಕುಕ್ ಟೌನಿನ ಜಾರ್ಜ್ ಅವರು, ಚರ್ಚಿನಲ್ಲಿ ಹಾಡುವ ನಿವೃತ್ತರು. ನಾನು ಅಡುಗೆಮನೆಯ ಪರದೆಯ ಹಿಂದೆ ಕಾಫಿಯ ನೆಪದಲ್ಲಿ ನಿಂತೆ. ಚಂದನಾ, “ಮೊದಲು ಗಂಟಲು ಸಡಿಲ ಆಗ್ಬೇಕು, ಉಸಿರು ಒಂದೇ ಸಮ ಹೋಗ್ಬೇಕು. ಹೀಗೆ ಮಾಡಿ” ಎಂದು ಬುರ್ರ್ ಅಂದಳು. ಓಹೋ, ಜನ ಓಡಿಹೋಗುವುದು ಇದಕ್ಕೇ ಎಂದು ನನಗೆ ಆಗ ಗೊತ್ತಾಯಿತು.

ಶಾಹೀನ್ ದುಪಟ್ಟಾ ಬಾಯಿಗೆ ಹಿಡಿದು, “ಅಯ್ಯೋ ಮೇಡಂ, ನಮ್ಮತ್ತೆ ಕಂಡ್ರೆ ಹುಚ್ಚು ಹಿಡಿದಿದೆ ಅಂತಾರೆ!” ಎಂದಳು.

“ನಂದು ಕಟ್ಟಿಸಿದ ಹಲ್ಲು ಮೇಡಂ,” ಜಾರ್ಜ್ ಅವರ ಅಹವಾಲು. “ಇದು ಮಾಡಿದ್ರೆ ಹಲ್ಲು ನಿಮ್ಮ ಕೈಗೆ ಬರುತ್ತೆ. ಸೀದಾ ಹಾಡಿಂದಾನೇ ಶುರು ಮಾಡೋಕಾಗಲ್ವಾ? ಇಲ್ಲಾಂದ್ರೆ ಇನ್ನೊಂದ್ಸಲ ಬರ್ತೀನಿ.”

ಇನ್ನೊಂದು ಸಲ ಎಂದರೇನೆಂದು ನಮಗೆಲ್ಲ ಗೊತ್ತಿತ್ತು. ಚಂದನಾ ಒಬ್ಬಳೇ ಮತ್ತೆ ಬುರ್ರ್ ಅಂದಳು. ಈ ಸಲ ಅವಳ ಸದ್ದು ನಡುವೆಯೇ ಒಡೆಯಿತು. ಅದು ಒಡೆದ ಜಾಗದಿಂದ ನನ್ನ ತುಟಿ ತಾನಾಗಿ ಆ ಬುರ್ರ್ ಹಿಡಿದುಕೊಂಡಿತು. ನಾನು ಬೇಕೆಂದು ಮಾಡಿದ್ದಲ್ಲ. ಸದ್ದು ಕೆಳಗಿನಿಂದ ಏರಿ, ದಿಬ್ಬ ಹತ್ತಿ, ಆಚೆ ಇಳಿದು, ನಿಂತಿತು. ಎಂಟು ಕುರಿಗಳನ್ನು ಕೆರೆಯ ನೀರಿಗೆ ಇಳಿಸುವಾಗ ನಮ್ಮಪ್ಪ ಹೇಳಿಕೊಟ್ಟಿದ್ದ ಸದ್ದು ಅದು. ಆ ಬುರ್ರ್ ಕೇಳದೆ ನಮ್ಮ ಕುರಿಗಳು ನೀರಿಗೆ ಬಾಯಿ ಹಾಕುತ್ತಿರಲಿಲ್ಲ.

“ಮಿಕ್ಸಿನಾ?” ಎಂದರು ಜಾರ್ಜ್.

ಚಂದನಾ ಪರದೆ ಸರಿಸಿದಳು. “ಅಜ್ಜೀ! ಎಲ್ಲಿ ಕಲಿತೆ ಇದನ್ನ?”

“ಕುರಿ ಹತ್ರ ಕಣೇ,” ಎಂದೆ. ಅಷ್ಟೆಲ್ಲ ತಿರುಗುವ ಭೂಮಿ ಒಮ್ಮೆ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು.

ಶಾಹೀನ್ ನಕ್ಕ ನಗುವಿಗೆ ದುಪಟ್ಟಾ ಜಾರಿತು. “ನಂಗೂ ಹೇಳ್ಕೊಡಿ ಅಜ್ಜಿ” ಎಂದು ಪಕ್ಕಕ್ಕೇ ಬಂದಳು. ನಗು ಬಂದರೆ ತುಟಿ ಅದುರುವುದಿಲ್ಲ. ಆಗ ಎರಡು ಕೆನ್ನೆಗೂ ಬೆರಳೊತ್ತಿ ಹಿಡಿಯಬೇಕೆಂದು ಅಪ್ಪ ಹೇಳಿದ್ದ. ತೋರಿಸಿದೆ. ಚಂದನಾ ಬೆರಗಾಗಿ, “ಅಲ್ಲಿ ನಮ್ಮ ಟೀಚರ್ ಇದನ್ನ ಹೇಳಿಕೊಟ್ಟಿದ್ದು ಎರಡನೇ ತಿಂಗಳಲ್ಲಿ!” ಎಂದಳು. ಎರಡು ವರ್ಷ ನಾನು ಕೇಳದೆ ನುಂಗಿಕೊಂಡ ಪ್ರಶ್ನೆಗೆ ಉತ್ತರ ಏಳು ವರ್ಷದವಳಾಗಿದ್ದಾಗಲೇ ನನ್ನ ಕೆನ್ನೆಯಲ್ಲಿತ್ತು. ಜಾರ್ಜ್ ಅವರು ಆ ಕಡೆ ತಿರುಗಿ ಹಲ್ಲು ತೆಗೆದು ಜೇಬಿಗಿಟ್ಟುಕೊಂಡರು. ಆಮೇಲೆ ಅವರ ಬುರ್ರ್‌ನಂಥದ್ದು ನಮ್ಮ ಕೆರೆ ಕೂಡ ಕೇಳಿರಲಿಕ್ಕಿಲ್ಲ.

ಅಂದು ಇಬ್ಬರೂ ಓಡಿಹೋಗಲಿಲ್ಲ. ಸೋಮವಾರ ಚಂದನಾ ಇಂದಿರಾನಗರಕ್ಕೆ ಬೇಡವೆಂದು ಹೇಳಿ, ಅವರೆಕಾಯಿ ಸುಲಿಯಲು ಕೂತಳು. ಕಾಳು ಪಾತ್ರೆಗೇ ಬಿತ್ತು. ಮುಂದಿನ ವಾರ ಇಬ್ಬರೂ ಮತ್ತೆ ಬಂದರು, ಶಾಹೀನ್ ತನ್ನ ಅತ್ತೆಯನ್ನೂ ಕರೆತಂದಳು. ಈಗ ಕ್ಲಾಸಿನಲ್ಲಿ ಬುರ್ರ್‌ಗೆ ನಾನಿದ್ದೇನೆ, ಆದರೆ ಅದಾದ ಮೇಲಿನ ಹಾಡಿಗೆ ನನ್ನನ್ನು ಕರೆಯಬೇಡಿ. ನೀರಿನವರೆಗೆ ಕರೆತರುವುದಷ್ಟೇ ನನ್ನ ಕೆಲಸ.

ಮೊನ್ನೆ ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಸೊಪ್ಪು ಆರಿಸುತ್ತಿದ್ದೆ. ಈ ರಸ್ತೆಯಲ್ಲಿ ನಲವತ್ತು ವರ್ಷದಿಂದ ತಲೆ ತಗ್ಗಿಸಿ ನಡೆದವಳು ನಾನು. ರಸ್ತೆಯ ಆಚೆಯಿಂದ ಜಾರ್ಜ್ ಅವರು ನಮಸ್ಕಾರಕ್ಕೆ ಬದಲಾಗಿ ದೊಡ್ಡದೊಂದು ಬುರ್ರ್ ಕಳಿಸಿದರು. ಇಡೀ ಬೀದಿ ತಿರುಗಿತು. ನಾನು ಥಟ್ಟನೆ ಸೆರಗನ್ನು ಮುಖಕ್ಕೆ ಮುಚ್ಚಿಕೊಂಡೆ.

ಸೆರಗಿನ ಒಳಗಿಂದ ಉತ್ತರ ಹೋಯಿತು.