ಗಾಜಿನ ಗೋಡೆಗೆ ಅಂಟಿಸಿದ ಹಾಳೆ

ಬೆಳಿಗ್ಗೆ ಅವರೆಕಾಳು ನೆನೆಹಾಕಿದೆ. ಹಾಲು ಕಾಯಿಸಿದೆ, ಅರ್ಧ ಲೋಟ ಉಕ್ಕಿಸಿದೆ. ಕಚೇರಿಯ ಬೀಗ ತೆಗೆದೆ, ಹನ್ನೊಂದು ಜನಕ್ಕೆ ಕಾಫಿ ಕೊಟ್ಟೆ. ಸಂಜೆ ಗಾಜಿನ ಗೋಡೆಗೆ ಅಂಟಿದ್ದ ಬಿಳಿ ಹಾಳೆಯನ್ನು ಬ್ಲೇಡಿನಿಂದ ಕೆರೆದೆ. ಇಷ್ಟೆಲ್ಲ ಮಾಡುವಾಗಲೂ ಸಿಟ್ಟಿನಲ್ಲಿದ್ದೆ. ನನ್ನ ಸಿಟ್ಟು ಮುಖದಲ್ಲಿ ಕಾಣುವುದಿಲ್ಲ, ಸಾರಿನ ಖಾರದಲ್ಲಿ ಗೊತ್ತಾಗುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ.

ಚಿಕ್ಕಬಳ್ಳಾಪುರದಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ನಮ್ಮ ಮೈಕ್ರೋಚಿಪ್ ಕಂಪನಿ ಇದೆ. ಹುಟ್ಟಿ ಮೂರು ವರ್ಷ. ಕಚೇರಿ ನೋಡಿಕೊಳ್ಳುವವಳು ನಾನು. ಚಿಪ್ ಅಕ್ಕಿಕಾಳಿಗಿಂತ ಚಿಕ್ಕದು. ಅದರ ಬಗ್ಗೆ ನಡೆಯುವ ಮಾತು ಮಾತ್ರ ಕಲ್ಯಾಣಮಂಟಪ ತುಂಬುವಷ್ಟು. ಕಂಪನಿ ಕಟ್ಟಿದ ಕಾರ್ತಿಕ್ ಮೊದಲ ದಿನವೇ, "ಆಂಟಿ, ನಮ್ಮಲ್ಲಿ ಗುಟ್ಟು ಅನ್ನೋದೇ ಇರಲ್ಲ, ಎಲ್ಲಾ ಓಪನ್ನು" ಎಂದಿದ್ದ. ಅದಕ್ಕೇ ಗಾಜಿನ ಗೋಡೆ. ಅದಕ್ಕೇ ಪ್ರತಿ ಸೋಮವಾರ ಎಲ್ಲರೂ ನಿಂತು ಆ ವಾರದ ತಮ್ಮ ತಪ್ಪು ಹೇಳಬೇಕು. ಉಳಿದವರು ಚಪ್ಪಾಳೆ ತಟ್ಟಬೇಕು. ಒಮ್ಮೆ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದನ್ನು ಒಪ್ಪಿಕೊಂಡೆ. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಉಪ್ಪು ಹೆಚ್ಚಾಗಿದ್ದಕ್ಕೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

ಯಾರು ಯಾವ ಚಿಪ್ ಮಾಡುತ್ತಿದ್ದಾರೆಂದು ಬರೆದ ಗೋಡೆಯ ಬೋರ್ಡಿನಲ್ಲಿ ಎಲ್ಲಕ್ಕಿಂತ ಮೇಲೆ ಶಬಾನಾಳ ಹೆಸರಿತ್ತು. ಶಿಡ್ಲಘಟ್ಟದ ಹುಡುಗಿ. ರೇಷ್ಮೆಹುಳು ಸಾಕುವ ಮನೆಯ ಶಾಖ, ತೇವ ಅಳೆಯುವ ಚಿಪ್‌ಗಾಗಿ ಎರಡು ವರ್ಷ ದುಡಿದಿದ್ದಳು. ಮಾದರಿ ತಯಾರಾಗಿ ಬಂದಿತ್ತು. ಒಂದು ದೋಷ ಉಳಿದಿತ್ತು, ಅದನ್ನೂ ತಿದ್ದುತ್ತಿದ್ದಳು.

ಹೋದ ಗುರುವಾರ ಕಾರ್ತಿಕ್ ನನ್ನ ಹತ್ತಿರ ಬಂದು, "ಆಂಟಿ, ಮೀಟಿಂಗ್ ರೂಮಿನ ಗಾಜಿಗೆ ಸ್ವಲ್ಪ ಪೇಪರ್ ಅಂಟಿಸ್ತೀರಾ? ಬಿಸಿಲು" ಎಂದ. ಬಿಸಿಲಂತೆ. ಉತ್ತರಕ್ಕಿರುವ ಆ ಕೋಣೆಗೆ ಬಿಸಿಲು ಬರಬೇಕಾದರೆ ಸೂರ್ಯನೇ ದಾರಿ ತಪ್ಪಬೇಕು. ಆದರೂ ಮೈದಾ ಗಂಜಿ ಕಾಯಿಸಿ ಅಂಟಿಸಿದೆ, ಅಚ್ಚುಕಟ್ಟಾಗಿ. ಬಂಡವಾಳ ಹಾಕುವವರು ಇಬ್ಬರು ಬಂದರು. ಕಾಫಿ ಒಯ್ದಾಗ ಕೇಳಿಸಿತು: ರೇಷ್ಮೆಹುಳುವಿನ ಚಿಪ್ ಬಿಡುವುದು, ಇನ್ನು ಸ್ಕೂಟರ್ ಬ್ಯಾಟರಿಯ ಚಿಪ್ ಅಷ್ಟೇ. ಕಾರ್ತಿಕ್ ಬಾಗಿಲವರೆಗೂ ನನ್ನ ಹಿಂದೆ ಬಂದ. "ಸೋಮವಾರದವರೆಗೂ ಯಾರ್ಗೂ ಹೇಳ್ಬೇಡಿ ಆಂಟಿ. ಇದು ಸ್ಟ್ರಾಟಜಿ."

ಮನೆಯಲ್ಲಿ ಹೇಳಿದೆ. ಯಜಮಾನರು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಳ್ಳುವವರು. "ರಾಶಿ ಮೇಲಿಂದ ನೋಡಿದ್ರೆ ಎಲ್ಲಾ ಬೆಳ್ಳಗೇ ಇರುತ್ತೆ ಕಣೇ. ತಳಕ್ಕೆ ಕೈ ಹಾಕ್ಬೇಕು" ಎಂದರು.

ಶನಿವಾರ ಶಬಾನಾ ಕೆಂಚಾರ್ಲಹಳ್ಳಿಯ ಒಂದು ಹುಳುಮನೆಯಲ್ಲಿ ಹಗಲೆಲ್ಲ ನಿಂತು ಅಳತೆ ಬರೆದುಕೊಂಡಳು. ಭಾನುವಾರ ಕಚೇರಿಯ ಕೀ ಕೇಳಿ ಪಡೆದು ಒಬ್ಬಳೇ ಕೂತು ದೋಷ ತಿದ್ದಿದಳು. ಕೀ ಕೊಟ್ಟವಳು ನಾನೇ. "ತಿಂಡಿ ತಿಂದ್ಯೇನಮ್ಮ?" ಎಂದು ಮಾತ್ರ ಕೇಳಿದೆ.

ಇವತ್ತು ಸೋಮವಾರ, ಕಾರ್ತಿಕ್ ಬೋರ್ಡಿನ ಎಲ್ಲಕ್ಕಿಂತ ಮೇಲಿನ ಸಾಲು ಒರೆಸಿ ವಿಷಯ ಹೇಳಿದ. ಎಷ್ಟು ಮುಕ್ತವಾಗಿ ಹೇಳಿದನೆಂದರೆ, ಆಗತಾನೇ ಅವನಿಗೂ ಗೊತ್ತಾದಂತಿತ್ತು. ಆಮೇಲೆ ಎಂದಿನಂತೆ ತಪ್ಪು ಹೇಳುವ ಸರದಿ. ಶಬಾನಾ ಎದ್ದು, "ಭಾನುವಾರ ಕೆಲಸಕ್ಕೆ ಬಂದಿದ್ದು" ಎಂದಳು. ಯಾರಿಗೂ ಚಪ್ಪಾಳೆ ತಟ್ಟಲು ಕೈ ಏಳಲಿಲ್ಲ.

ಮುಂದಿನ ಸರದಿ ನನ್ನದು. ಗುರುವಾರದಿಂದ ಗೊತ್ತಿತ್ತು ಎನ್ನಬೇಕಿತ್ತು. ಬಾಯಿ ತೆರೆದೆ, "ಗಾಜಿಗೆ ಗಂಜಿ ಜಾಸ್ತಿ ಆಗೋಯ್ತು" ಎಂದು ಹೊರಬಿತ್ತು. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು.

ಸಂಜೆ ಹಾಳೆ ಕೆರೆಯುವಾಗ ಶಬಾನಾ ಇನ್ನೊಂದು ಬ್ಲೇಡ್ ಹಿಡಿದು ಪಕ್ಕದಲ್ಲಿ ನಿಂತಳು.

"ನಿಮ್ಗೆ ಗೊತ್ತಿತ್ತಾ ಆಂಟಿ?"

"ಗೊತ್ತಿತ್ತಮ್ಮ."

ಅವಳು ತನ್ನ ಕಡೆಯ ಗಾಜನ್ನು ಪೂರ್ತಿ ಕೆರೆದು, ಬ್ಲೇಡ್ ನನ್ನ ಕೈಗೆ ಕೊಟ್ಟು ಹೋದಳು.

ಮನೆಗೆ ಬಂದು ನೆನೆದ ಅವರೆಕಾಳನ್ನು ಒಂದೊಂದಾಗಿ ಹಿಸುಕಿದೆ. ಕಾಳು ಗೋಡೆಗೆ ಹಾರುತ್ತಿದ್ದವು. "ಯಾರ ಮೇಲೆ ಕೋಪ?" ಎಂದರು ಯಜಮಾನರು. "ಇನ್ಯಾರ ಮೇಲೆ, ಆ ಕಾರ್ತಿಕ್ ಮೇಲೆ" ಎಂದೆ. ಅವರು ಹಾರಿಬಿದ್ದ ಕಾಳು ಆರಿಸುತ್ತಾ, "ಪೇಪರ್ ಅಂಟಿಸಿದ್ದು ಅವನೇನಾ?" ಎಂದರು.

ಮುದ್ದೆ, ಹಿಸುಕಿದ ಅವರೆಬೇಳೆಯ ಸಾರು ಉಂಡೆವು. ಖಾರ ವಿಪರೀತವಾಗಿತ್ತು, ಅವರು ಎರಡು ಚೊಂಬು ನೀರು ಕುಡಿದು ಮೊದಲು ಮಲಗಿದರು. ನಾನು ಉಗುರಿನ ಸಂದಿಯಲ್ಲಿದ್ದ ಗಂಜಿ ತೆಗೆಯುತ್ತಾ ಕೂತಿದ್ದೆ.