ದೊರೆಗೊಂದು ಕನ್ನಡಿ

ದೊರೆ ಸತ್ತದ್ದು ವಯಸ್ಸಾಗಿ. ಪೀಕಲಾಟ ಶುರುವಾದದ್ದು ಮಾತ್ರ ಕುದುರೆ ಕಾಯುವ ಸ್ಪಾರ್ಗನಿಗೆ. ಗೋರಿಗೆ ಪರದೇಶದ ರೇಷ್ಮೆ, ರತ್ನಗಂಬಳಿ ಎಲ್ಲ ಸೇರಿದ್ದವು, ದೊರೆಯ ಜೊತೆ ಹೂಳಬೇಕಾದ ಕನ್ನಡಿಯೊಂದು ಇರಲಿಲ್ಲ. ಇಡೀ ಪಾಳೆಯದಲ್ಲಿದ್ದ ಒಂದೇ ಒಂದು ಮೂಡಣ ನಾಡಿನ ಕನ್ನಡಿ ಸ್ಪಾರ್ಗನದು, ಅವನಜ್ಜ ಕುದುರೆ ಕೊಟ್ಟು ತಂದದ್ದು. ಅದು ಮಗಳು ಓಪಿಯಾಳ ಜೊತೆ ಬರಲೇಬೇಕೆಂದು ಆಗಲಿರುವ ಬೀಗಿತ್ತಿ ಪಟ್ಟು ಹಿಡಿದಿದ್ದಳು. ಕನ್ನಡಿ ಇಲ್ಲದಿದ್ದರೆ ಮದುವೆಯೂ ಇಲ್ಲ.

ಸ್ಪಾರ್ಗನಿಗೆ ಮೈಯೆಲ್ಲ ಉರಿಯಿತು. ಆ ದೊರೆ ಬದುಕಿದ್ದಾಗ ಯಾರಿಗೂ ಒಂದು ಬಟ್ಟಲು ಹುಳಿಹಾಲು ಕೊಟ್ಟವನಲ್ಲ, ಮುಖ ತೊಳೆದವನೂ ಅಲ್ಲ. ಅಂಥವನಿಗೆ ಮಣ್ಣಿನಡಿ ಕನ್ನಡಿ ಯಾಕೆ? ಬೆಳಗ್ಗೆಯೇ ಜೀನಿನ ದಿಂಬು ಬಿಚ್ಚಿ, ಒಳಗಿನ ಜಿಂಕೆಕೂದಲಿನ ನಡುವೆ ಕನ್ನಡಿ ತುರುಕಿ ಹೊಲಿದ. ಜೀನನ್ನು ಕೆಂದು ಕುದುರೆಗೆ ಬಿಗಿದು ದೂರದ ಹುಲ್ಲುಗಾವಲಿಗೆ ಹೊರಟರೆ, ಎದುರಿಗೇ ಪಾಳೆಯದ ಹಿರಿಯ ಅರ್ಗೋತ. ಅವನ ಹಿಂದೆ ಪಕ್ಕದ ಡೇರೆಯ ತಸಿಯಾ.

ಗೋರಿಗೆ ಕನ್ನಡಿ ಕೊಡೆಂದ ಅರ್ಗೋತ. ಅದು ನದಿಗೆ ಬಿತ್ತೆಂದ ಸ್ಪಾರ್ಗ. ನದಿ ಇನ್ನೂ ಕಲ್ಲಿನಂತೆ ಹೆಪ್ಪುಗಟ್ಟಿದೆಯಲ್ಲ ಎಂದಳು ತಸಿಯಾ. ಹಾಗಾದರೆ ಕಳ್ಳರು ಕದ್ದರೆಂದ.

"ನಿನ್ನೆ ಸಂಜೆ ನಿನ್ ಮಗಳು ಅದ್ರಲ್ಲಿ ಮುಖ ನೋಡ್ಕೊಂಡು ಹಲ್ಲು ಕಿರೀತಿದ್ಲಲ್ಲೋ?"

"ಕದ್ದಿದ್ದು ಆಮೇಲೆ, ಅಕ್ಕಾ."

ಡೇರೆ ಜಾಲಾಡಿದರು. ಕಂಬಳಿ ಕೊಡವಿದರು, ಗಡಿಗೆಗೆ ಕೈ ಹಾಕಿದರು, ಮುದಿ ಅತ್ತೆಯ ಎತ್ತರದ ಟೋಪಿಯನ್ನೂ ಬಿಡಲಿಲ್ಲ. ಕೊನೆಗೆ ಸ್ಪಾರ್ಗ ಸತ್ತ ದೊರೆಯ ಮೇಲೆ ಆಣೆ ಇಟ್ಟ. ಆ ಆಣೆ ಸುಳ್ಳಾದರೆ ಇಟ್ಟವನೂ ದೊರೆಯ ಜೊತೆಗೇ ಗುಂಡಿಗಿಳಿಯಬೇಕು, ಅದು ಪದ್ಧತಿ.

ಅರ್ಗೋತನ ಮನಸ್ಸು ಕರಗಿತು. "ಪಾಪ, ಇಲ್ಲದ್ದನ್ನ ಎಲ್ಲಿಂದ ತರ್ತೀಯ, ಬಿಡಪ್ಪಾ. ಆದ್ರೆ ನಿನ್ ಕಡೆಯಿಂದ ಏನೂ ಇಲ್ದೆ ಕಳ್ಸಿದ್ರೆ ದೊರೆ ಏನಂದ್ಕೋತಾನೆ? ಈ ಕುದುರೆ ಕೊಡು."

ಸ್ಪಾರ್ಗ ಜೀನಿನ ಪಟ್ಟಿಗೆ ಕೈ ಹಾಕಿದ. "ಕುದುರೆ ತಗೊಳ್ಳಿ. ಜೀನು ಬಿಚ್ಕೋತೀನಿ."

"ಜೀನಿಲ್ಲದ ಕುದುರೆ ಮೇಲೆ ದೊರೆ ಹೆಂಗೋ ಕೂರ್ತಾನೆ? ನಾಚಿಕೆ ಆಗಲ್ವ ನಿಂಗೆ?"

ಬಾಯಿಬಿಟ್ಟರೆ ತಾನೂ ಗುಂಡಿಗೆ. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ. ಕೆಂದು ಕುದುರೆ ಜೀನು ಸಮೇತ ಗೋರಿ ಸೇರಿತು. ಮೇಲೆ ಮರದ ದಿಮ್ಮಿ ಹಾಸಿ ಕಲ್ಲು ಪೇರಿಸಿದರು. ಸ್ಪಾರ್ಗನ ಉದಾರತನ ನೆನೆದು ತಸಿಯಾ ಕಣ್ಣೊರೆಸಿಕೊಂಡಳು.

ಸಂಜೆ ಓಪಿಯಾ ಮೆಲ್ಲಗೆ ಪಕ್ಕಕ್ಕೆ ಬಂದಳು. "ಎಲ್ರನ್ನೂ ಚೆನ್ನಾಗಿ ಯಾಮಾರಿಸ್ದೆ, ಅಪ್ಪಾ. ಕನ್ನಡಿ ಎಲ್ಲಿಟ್ಟಿದೀಯ?"

ಸ್ಪಾರ್ಗ ಕಲ್ಲುರಾಶಿಯ ಕಡೆ ನೋಡಿ ಹಲ್ಲು ಕಡಿದ.

"ಹಾಳಾದೋನು, ಅದ್ರ ಮೇಲೇ ಕೂತ್ಕೊಂಡು ಹೋದ."